ಊರಿನ ಆಯ್ಕೆಯೂ ಹೊತ್ತಿನ ಲೆಕ್ಕವೂ

ದುಡಿಮೆಗೂ ಮನೆವಾಳ್ತೆಗೂ ಸಮವಾದ ಪಾಲು ಸಿಗಬೇಕೆಂದು ಬಯಸುವವರು ಮೊದಲು ಒಳ್ಳೆಯ ಊರೊಂದನ್ನು ಅರಸುವುದು ವಾಡಿಕೆ. ಬೆಂಗಳೂರಿನ ಹೊರವಲಯವನ್ನು ಕುರಿತು ಪ್ರಚಲಿತವಾಗಿರುವ ಕೆಲವು ನಂಬಿಕೆಗಳನ್ನು ಪರೀಕ್ಷಿಸಿದರೆ, ಆರಿಸಬೇಕಾದುದು ಊರಿಗಿಂತ ಹೆಚ್ಚಾಗಿ ಹೊತ್ತನ್ನೇ ಎಂಬುದು ವಿಶದವಾಗುತ್ತದೆ.

ತಪ್ಪು ಕಲ್ಪನೆ: ಬೆಂಗಳೂರಿನಲ್ಲಿ ನೆಲಸಿದರೆ ಸಾಕು, ಬಡಾವಣೆ ಯಾವುದಾದರೇನು?

ಸತ್ಯ: ಬೆಂಗಳೂರು ಹೆಸರಿಗೆ ಒಂದು, ದುಡಿಯುವವರ ಪಾಲಿಗೆ ಹಲವು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡ್ ಪೂರ್ವದಲ್ಲಿಯೂ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕಲ್ಪನೆಯಿಂದ 1970ರ ದಶಕದಲ್ಲಿ ರೂಪು ತಳೆದ ಎಲೆಕ್ಟ್ರಾನಿಕ್ ಸಿಟಿ ಹೊಸೂರು ರಸ್ತೆಯ ಮೇಲೆಯೂ, ಸಣ್ಣ ಕಾರ್ಖಾನೆಗಳ ಪೀಣ್ಯ ತುಮಕೂರು ರಸ್ತೆಯ ಬದಿಯಲ್ಲಿಯೂ ಇರುವುದರಿಂದ, ಗಂಡ ಪೀಣ್ಯದಲ್ಲಿ, ಹೆಂಡತಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ಸಂಸಾರಕ್ಕೆ, ಮನೆ ಎಲ್ಲಿ ಮಾಡಿದರೂ, 25 ಕಿಲೋಮೀಟರಿಗೂ ಮಿಕ್ಕಿದ ಆ ಅಂತರವನ್ನು ಒಬ್ಬರಾಗಲಿ, ಇಬ್ಬರೂ ಹಂಚಿಕೊಂಡಾಗಲಿ ಹೊರಲೇಬೇಕು.

ತಪ್ಪು ಕಲ್ಪನೆ: ಮೆಟ್ರೋ ಬಂದಮೇಲೆ ದೂರದ ಚಿಂತೆಯಿಲ್ಲ.

ಸತ್ಯ: ಪೀಣ್ಯಕ್ಕೆ 2014ರಲ್ಲಿ ಮೆಟ್ರೋ ಬಂದಿತು, ವೈಟ್‌ಫೀಲ್ಡಿನವರೆಗೆ 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಅವಿಚ್ಛಿನ್ನವಾಯಿತು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯನ್ನು ಹಾದು ಬೊಮ್ಮಸಂದ್ರ ಮುಟ್ಟಿತು. ಉಪಕಾರ ನಿಸ್ಸಂದೇಹ. ಆದರೆ ಹಳದಿ ಮಾರ್ಗದಲ್ಲಿ ಆರಂಭಕಾಲದ ರೈಲುಗಳು 25 ನಿಮಿಷಕ್ಕೊಂದರಂತೆ ಓಡಿದುವೆಂಬುದನ್ನು ನೆನೆದರೆ, ಕಾಯುವ ಹೊತ್ತೂ, ನಿಲ್ದಾಣದಿಂದ ಆಫೀಸಿನ ಗೇಟಿನವರೆಗೆ ಆಟೋ ಹುಡುಕುವ ಹೊತ್ತೂ ಪ್ರಯಾಣದ ಲೆಕ್ಕಕ್ಕೇ ಸೇರತಕ್ಕವು ಎಂಬುದು ತಿಳಿಯುತ್ತದೆ.

ತಪ್ಪು ಕಲ್ಪನೆ: ಆಫೀಸಿನ ಬಳಿ ಮನೆ ಮಾಡಿದರೆ ಬಿಡುವು ತಾನಾಗಿ ದೊರೆಯುತ್ತದೆ.

ಸತ್ಯ: ಫ್ಯಾಕ್ಟರಿಗೆ ನಡೆದೇ ಹೋಗುವಷ್ಟು ಸಮೀಪದಲ್ಲಿದ್ದೂ, ಸಂಬಳ ಸಾಲದೆ ಶಿಫ್ಟಿನ ಮೇಲೆ ಓಟಿ ಮಾಡುವ ಪೀಣ್ಯದ ಕಾರ್ಮಿಕನಿಗೆ ಆ ಸಾಮೀಪ್ಯದಿಂದ ಉಳಿದ ಹೊತ್ತು ಮತ್ತೆ ಯಂತ್ರದ ಪಾಲೇ ಆಗುತ್ತದೆ. ಇನ್ನು ಕಚೇರಿಗಳಲ್ಲಿ ದುಡಿಯುವವರ ಮಟ್ಟಿಗೆ, ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ಸಾಮಾನ್ಯ ದುಡಿಮೆಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. 2024ರಲ್ಲಿ ಐಟಿ ವಲಯದಲ್ಲಿ ದಿನಕ್ಕೆ 12 ಗಂಟೆಗೂ ಮೀರಿ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಸಂಘ ಅದನ್ನು ಪ್ರತಿಭಟಿಸಿತು. ಬಿಡುವಿನ ಮೂಲ ಬಾಡಿಗೆ ಕರಾರಿನಲ್ಲಿಲ್ಲ, ಉದ್ಯೋಗದ ಕರಾರಿನಲ್ಲಿದೆ.

ತಪ್ಪು ಕಲ್ಪನೆ: ಮೈಸೂರು, ಹುಬ್ಬಳ್ಳಿಗಳಿಗೆ ಹೋದರೆ ನೆಮ್ಮದಿ ನಿಶ್ಚಿತ.

ಸತ್ಯ: ಸಂಚಾರದ ಬವಣೆ ಅಲ್ಲಿ ಕಡಿಮೆ, ನಿಜ. ಆದರೆ ಅಮೆರಿಕದ ಹಗಲಿಗೆ ಹೊಂದಿಕೊಂಡ ಕೆಲಸವಾದರೆ, ರಾತ್ರಿಯ ಕಾಲ್ ವೈಟ್‌ಫೀಲ್ಡಿಗೆ ಬಂದಂತೆಯೇ ಮೈಸೂರಿನ ಕುವೆಂಪುನಗರಕ್ಕೂ ಬರುತ್ತದೆ. ಮೇಲಾಗಿ ಕೆಲಸ ಬಿಟ್ಟರೆ ಮತ್ತೊಂದು ಕೆಲಸ ಅದೇ ಊರಿನಲ್ಲಿ ಸಿಗುವ ಸಂಭವವೂ ಚಿಕ್ಕ ಊರಿನಲ್ಲಿ ಕಡಿಮೆ.

ಆದುದರಿಂದ ಮನೆಗೆ ಅಡ್ವಾನ್ಸ್ ಕೊಡುವ ಮುನ್ನ, ರಜೆಯ ದಿನವಲ್ಲದ ದಿನ, ಕೆಲಸದ ಹೊತ್ತಿಗೇ ಅಲ್ಲಿಂದ ಕೆಲಸದ ಸ್ಥಳದವರೆಗಿನ ದಾರಿಯಲ್ಲಿ ಹೋಗಿಬರುವುದು ವಿವೇಕ. ಆಫರ್ ಒಪ್ಪುವ ಮುನ್ನ, ಸಂಬಳವೆಷ್ಟೆಂದು ಕೇಳಿದಷ್ಟೇ ನಿಸ್ಸಂಕೋಚವಾಗಿ, ಶಿಫ್ಟು ಎಷ್ಟಕ್ಕೆ ಮುಗಿಯುವುದೆಂದು ಕೇಳುವುದು ಅದಕ್ಕೂ ದೊಡ್ಡ ವಿವೇಕ.