ಮನೆಯ ಮಾಡಿಗೆ ಹಂಚು: ಆಯ್ಕೆ ಹಾಗೂ ಲೆಕ್ಕಾಚಾರ

ಮಂಗಳೂರು ನಗರದ ಬಿಜೈಯಂಥ ಬಡಾವಣೆಗಳಲ್ಲಿ ಹಳೆಯ ಹಂಚಿನ ಮನೆಗಳು ಒಂದೊಂದಾಗಿ ಇಳಿದು ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಅಲ್ಲಿ ಇಳಿಸಿದ ಹಂಚು ಲಾರಿಯೇರಿ ಮಾರಾಟಕ್ಕೆ ಹೋಗುತ್ತದೆ. ಮನೆ, ಕೊಟ್ಟಿಗೆ ಇಲ್ಲವೆ ಅಡಿಕೆ ದಾಸ್ತಾನಿನ ಕೋಣೆಗೆ ಮಾಡು ಹೊದಿಸಬೇಕೆಂದಿರುವ ರೈತನ ಮುಂದೆ ಹೀಗೆ ಹೊಸ ಹಂಚು, ಹಳೆಯ ಹಂಚು ಎಂಬ ಎರಡು ದಾರಿಗಳಿವೆ. ಎರಡರಲ್ಲಿ ಯಾವುದನ್ನಾದರೂ ಆರಿಸಬಹುದು. ಆದರೆ ಪರೀಕ್ಷಿಸದೆ, ಅಳತೆ ಹಾಕದೆ ಕೊಂಡಲ್ಲಿ ಮಾಡು ಸೋರುವುದು ಖಂಡಿತ. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮೀರಿ ಮಳೆ ಬೀಳುವ ಕರಾವಳಿಯಲ್ಲಿ ಒಂದು ಸೋರಿಕೆಯಿಂದ ಇಡೀ ವರ್ಷದ ಅಡಿಕೆಗೆ ಬೂಷ್ಟು ಹಿಡಿಯಬಹುದು.

ಅಚ್ಚು ಒಂದೇ ಇರಲಿ

ಬಾಸೆಲ್ ಮಿಶನ್ ಸಂಸ್ಥೆಯು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಬಳಿಕ ನೇತ್ರಾವತಿ ಹಾಗೂ ಗುರುಪುರ ನದಿಗಳ ಜೇಡಿಮಣ್ಣನ್ನು ನಂಬಿ ಹಲವು ಕಾರ್ಖಾನೆಗಳು ಎದ್ದವು. ಮಣ್ಣು, ಸೌದೆ ದುಬಾರಿಯಾಗಿ ಈಗ ಅವುಗಳಲ್ಲಿ ಬಹುಪಾಲು ಮುಚ್ಚಿವೆ. ಆದರೆ ಅವು ಮಾಡಿದ ಹಂಚು ಇನ್ನೂ ಬಳಕೆಯಲ್ಲಿದೆ.

ಮಂಗಳೂರು ಹಂಚಿನ ಗುಣವಿರುವುದು ಅದರ ಅಂಚಿನ ತೋಡುಗಳಲ್ಲಿ. ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂತು ನೀರನ್ನು ತಡೆಯುತ್ತದೆ. ಕಾರ್ಖಾನೆ ಬೇರೆಯಾದರೆ ಅಚ್ಚು ಬೇರೆ, ತೋಡೂ ಬೇರೆ. ಆದುದರಿಂದ ಹಳೆಯ ಹಂಚು ಕೊಳ್ಳುವಾಗ ಅದರ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರನ್ನು ಓದಿ, ಹೆಸರಿನ ಪ್ರಕಾರ ವಿಂಗಡಿಸಿಕೊಳ್ಳಬೇಕು. ಇಡೀ ಮಾಡಿಗೆ ಒಂದೇ ಅಚ್ಚು ಸಿಗದಿದ್ದರೆ ಒಂದು ಇಳಿಜಾರಿಗೆ ಒಂದು ಅಚ್ಚು, ಇನ್ನೊಂದಕ್ಕೆ ಮತ್ತೊಂದು ಎಂದು ಹಾಕಬಹುದು. ಒಂದೇ ಇಳಿಜಾರಿನಲ್ಲಿ ಬೆರೆಸುವುದು ಸಲ್ಲದು. ಬೆಳಕಿಗಾಗಿ ಹಾಕುವ ಗಾಜಿನ ಹಂಚಿಗೂ ಈ ಮಾತು ಅನ್ವಯಿಸುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ಹೊಸ ಹಂಚಿಗೆ ಭಾರತೀಯ ಮಾನಕ ಸಂಖ್ಯೆ 654 ಅನ್ವಯಿಸುತ್ತದೆ. ಅದರಲ್ಲಿ ‘ಎಎ’ ಮತ್ತು ‘ಎ’ ಎಂಬ ಎರಡು ದರ್ಜೆಗಳಿವೆ. ಹೊಸದಾಗಲಿ ಹಳೆಯದಾಗಲಿ, ರಾಶಿಯ ಬೇರೆ ಬೇರೆ ಕಡೆಯಿಂದ ಆರೇಳು ಹಂಚು ತೆಗೆದು ಮನೆಯಲ್ಲಿಯೇ ಹೀಗೆ ಪರೀಕ್ಷಿಸಬಹುದು:

1. ಬೆರಳ ಗೆಣ್ಣಿನಿಂದ ತಟ್ಟಿದರೆ ಲೋಹದಂತೆ ಟಣ್ಣೆನ್ನಬೇಕು. ಒಡಕು ಸದ್ದು ಬಂದರೆ ಬಿರುಕು ಇದೆಯೆಂದೇ ತಿಳಿಯಬೇಕು.

2. ರೀಪಿಗೆ ಸಿಕ್ಕಿಕೊಳ್ಳುವ ಹಿಂಬದಿಯ ಮೂಗು ಮತ್ತು ಅಂಚಿನ ಏಣು ಮುಕ್ಕಾಗಿರಬಾರದು. ಹಳೆಯ ಹಂಚಿನಲ್ಲಿ ಇದನ್ನು ಒಂದೊಂದಾಗಿ ನೋಡಬೇಕು. ಪಾಚಿ ಇದ್ದರೆ ಉಜ್ಜಿದರೆ ಹೋಗುತ್ತದೆ, ಅದು ದೋಷವಲ್ಲ.

3. ಎರಡೂ ತುದಿಗೆ ರೀಪು ಕೊಟ್ಟ ಹಂಚಿನ ನಡುವೆ ಸುಮಾರು 60 ಕಿಲೋ ತೂಕದ ಆಳು ನಿಧಾನವಾಗಿ ನಿಂತರೆ ಅದು ಮುರಿಯಬಾರದು.

4. ಚೆನ್ನಾಗಿ ಒಣಗಿದ ಹಂಚನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಬೇಕು. ಶೇಕಡಾ 20ಕ್ಕಿಂತ ಹೆಚ್ಚು ನೀರು ಹೀರಿದ್ದರೆ, ಅಂದರೆ 2.25 ಕಿಲೋ ಹಂಚು 2.7 ಕಿಲೋ ಮೀರಿದರೆ, ಅದು ಸರಿಯಾಗಿ ಬೇಯದ ಹಂಚು.

ಇಳಿಜಾರು ಮತ್ತು ರೀಪು

ಕರಾವಳಿಯ ಮಳೆಗೆ ಮಾಡಿನ ಇಳಿಜಾರು 30 ಡಿಗ್ರಿಗೆ ಕಡಿಮೆಯಿರದಿರುವುದು ಒಳಿತು. ಅಂದರೆ ಅಡ್ಡಳತೆಯ ಪ್ರತಿ ಮೀಟರಿಗೆ ನೆತ್ತಿ 58 ಸೆಂ.ಮೀ. ಏರಬೇಕು. ಮರ ಉಳಿಸಲು ಮಾಡನ್ನು ತಗ್ಗಿಸಿದರೆ ಗಾಳಿಯೊಡನೆ ಬಂದ ಮಳೆ ಹಂಚಿನ ಸಂದಿನಿಂದ ಒಳಗೆ ಹೋಗುತ್ತದೆ. ಆಗ ಎಂಥ ಉತ್ತಮ ಹಂಚೂ ಸೋರುತ್ತದೆ.

ರೀಪಿನ ಅಂತರ ಸಾಮಾನ್ಯವಾಗಿ 32 ಸೆಂ.ಮೀ. ಆಸುಪಾಸು. ಆದರೆ ಬಡಗಿಯ ಬಾಯಿಲೆಕ್ಕವನ್ನು ನೆಚ್ಚದೆ, ತಂದ ಹಂಚಿನಿಂದಲೇ ಅಳೆಯಬೇಕು. ಹತ್ತು ಹಂಚುಗಳನ್ನು ಸಮತಟ್ಟಾದ ನೆಲದ ಮೇಲೆ ಉದ್ದಕ್ಕೆ ಕೂಡಿಸಿಡಬೇಕು. ಮೊದಲು ಎಳೆದಷ್ಟು ಹಿಗ್ಗಿಸಿ, ಮೊದಲನೆಯ ಹಂಚಿನ ಮೂಗಿನಿಂದ ಹತ್ತನೆಯದರ ಮೂಗಿನವರೆಗೆ ಅಳೆಯಬೇಕು. ಬಳಿಕ ಒತ್ತಿ ಕುಗ್ಗಿಸಿ ಮತ್ತೆ ಅಳೆಯಬೇಕು. ಎರಡರ ಸರಾಸರಿಯನ್ನು 9ರಿಂದ ಭಾಗಿಸಿದರೆ ಬರುವುದೇ ರೀಪಿನ ಅಂತರ. ಆದ್ದರಿಂದ ಹಂಚು ಮೊದಲು, ರೀಪು ಆಮೇಲೆ. ಸೂರಿನ ಕೊನೆಯ ರೀಪು ಒಂದು ಹಂಚಿನ ದಪ್ಪದಷ್ಟು ಎತ್ತರವಿದ್ದರೆ ಮೊದಲ ಸಾಲು ಕೆಳಗೆ ವಾಲುವುದಿಲ್ಲ.

ಎಷ್ಟು ಹಂಚು ಬೇಕು?

ಸೂರಿನಿಂದ ಸೂರಿಗೆ 8 ಮೀ. ಅಗಲ, 12 ಮೀ. ಉದ್ದದ, ಎರಡು ಇಳಿಜಾರಿನ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 30 ಡಿಗ್ರಿ ಇಳಿಜಾರಿನಲ್ಲಿ ಪಕ್ಕಾಸಿನ ಉದ್ದ 4.62 ಮೀ. ಮಾಡಿನ ವಿಸ್ತೀರ್ಣ ಸುಮಾರು 111 ಚ.ಮೀ. ಚದರ ಮೀಟರಿಗೆ 15ರಂತೆ 1,665 ಹಂಚು ಎಂದಾಗುತ್ತದೆ. ಇದು ಖರ್ಚಿನ ಅಂದಾಜಿಗೆ ಮಾತ್ರ.

ಕೊಳ್ಳಲು ಸಾಲುಗಳನ್ನೇ ಎಣಿಸಬೇಕು. 4.62 ಮೀ.ಗೆ 32 ಸೆಂ.ಮೀ.ನಂತೆ ಹದಿನಾಲ್ಕೂವರೆ ಸಾಲು. ಹಂಚು ಕತ್ತರಿಸುವ ಬದಲು ಸೂರನ್ನು ಸುಮಾರು 18 ಸೆಂ.ಮೀ. ಮುಂದೆ ಚಾಚಿದರೆ 15 ಪೂರ್ಣ ಸಾಲು ಕೂರುತ್ತವೆ, ಗೋಡೆಗೂ ರಕ್ಷಣೆ. ಅಡ್ಡಕ್ಕೆ ಒಂದು ಹಂಚು 20.5 ಸೆಂ.ಮೀ. ಮುಚ್ಚುವುದರಿಂದ ಸಾಲಿಗೆ 59 ಹಂಚು. 15 x 59 x 2 = 1,770. ವಿಸ್ತೀರ್ಣದ ಲೆಕ್ಕ ನಂಬಿದವನಿಗೆ 105 ಹಂಚು ಕಡಿಮೆ ಬೀಳುತ್ತಿತ್ತು! ಒಡೆಯುವುದಕ್ಕೆಂದು ಹೊಸ ಹಂಚಾದರೆ ಶೇಕಡಾ 5, ಹಳೆಯದಾದರೆ ಶೇಕಡಾ 10 ಹೆಚ್ಚು ತರಬೇಕು. ಉಳಿದದ್ದನ್ನು ಜೋಪಾನವಾಗಿ ಇಟ್ಟರೆ ಮುಂದಿನ ದುರಸ್ತಿಗೆ ಅದೇ ಅಚ್ಚು ಕೈಯಲ್ಲಿರುತ್ತದೆ. ನೆತ್ತಿಯ ಹಂಚು ಮೀಟರಿಗೆ ಸುಮಾರು ಮೂರು ಬೇಕು.

ಈ ಮಾಡಿನ ಹಂಚಿನ ಭಾರವೇ ಸುಮಾರು 4 ಟನ್. ಮಳೆಯಲ್ಲಿ ನೆನೆದರೆ ಇನ್ನೂ ಐದಾರು ನೂರು ಕಿಲೋ ಏರಬಹುದು. ತಗಡಿನ ಶೀಟು ತೆಗೆದು ಹಂಚು ಹೊದಿಸುವವರು ಹಳೆಯ ಪಕ್ಕಾಸು, ತೊಲೆಗಳು ಇದನ್ನು ತಾಳುವವೇ ಎಂದು ಮೊದಲು ಪರೀಕ್ಷಿಸಿಕೊಳ್ಳಬೇಕು. ಕಬ್ಬಿಣದ ಕೊಳವೆ ಬಳಸುವವರು ಕಡಲ ಗಾಳಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿಸಬೇಕು.

ಹೊದಿಸುವ ಕಾಲ

ಹೊದಿಕೆಯನ್ನು ಸೂರಿನಿಂದ ಆರಂಭಿಸಿ ನೆತ್ತಿಯತ್ತ ಸಾಗಿಸಬೇಕು. ಗಾರೆ ನೆತ್ತಿಯ ಹಂಚಿಗೆ ಮಾತ್ರ ಸಾಕು. ಸೂರಿನ ಸಾಲುಗಳನ್ನು ಮೂಗಿನ ತೂತಿನ ಮೂಲಕ ತಂತಿಯಿಂದ ರೀಪಿಗೆ ಕಟ್ಟಿದಲ್ಲಿ ಬಿರುಗಾಳಿಗೆ ಹಂಚು ಹಾರುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯ ಮುನ್ನವೇ ಕೆಲಸ ಮುಗಿಯುವಂತೆ, ಫೆಬ್ರವರಿಯಲ್ಲಿಯೇ ಹಂಚು ತಂದು ಪರೀಕ್ಷಿಸಿಡುವುದು ಜಾಣತನ. ಮಳೆ ತಲೆಯ ಮೇಲೆ ಬಂದಾಗ ಕೊಳ್ಳಲು ಹೊರಟವನಿಗೆ ಆರಿಸುವ ಅವಕಾಶವಿರುವುದಿಲ್ಲ.