ಒಂದು ಈಡಿನ ಲೆಕ್ಕ

ಸಿದ್ದಾಪುರ ತಾಲೂಕಿನ ಬಿಳಗಿ ಒಂದು ಕಾಲಕ್ಕೆ ಅರಸರ ಊರು. ಶ್ವೇತಪುರವೆಂದು ಹೆಸರಾಗಿದ್ದ ಆ ರಾಜಧಾನಿಯ ವೈಭವಕ್ಕೆ ಇಂದು ಅಲ್ಲಿಯ ಪಾರ್ಶ್ವನಾಥ ಬಸದಿ ಸಾಕ್ಷಿಯಾಗಿ ನಿಂತಿದೆ. ದೊರೆಗಳು ಹೋದರು, ದಂಡೂ ಹೋಯಿತು. ಆದರೆ ಸುತ್ತಣ ಕಣಿವೆಗಳ ಅಡಕೆ ತೋಟಗಳಲ್ಲಿ ಒಂದು ಬಗೆಯ ಕದನ ಮಾತ್ರ ಇನ್ನೂ ನಿಂತಿಲ್ಲ. ಹಗಲು ಮಂಗಗಳ ಹಿಂಡು ಎಳೆಯ ಅಡಕೆಯನ್ನೂ ಬಾಳೆಗೊನೆಯನ್ನೂ ಕಿತ್ತೆಸೆಯುತ್ತದೆ. ಇರುಳು ಕಾಡುಹಂದಿ ಗದ್ದೆಗೆ ಇಳಿಯುತ್ತದೆ. ಇವುಗಳನ್ನು ಬೆದರಿಸಲೆಂದು ಮಲೆನಾಡಿನ ಬೇಸಾಯಗಾರರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವ ಆಯುಧವೇ ಕೇಪಿನ ಕೋವಿ.

ಅಂಗಡಿಯಿಂದ ತಂದ ತೋಟಾವನ್ನು ತುರುಕಿದರೆ ಕೆಲಸ ಮುಗಿಯಿತೆನ್ನುವ ಸುಖ ಈ ಕೋವಿಯಲ್ಲಿಲ್ಲ. ಪ್ರತಿಯೊಂದು ಈಡನ್ನೂ ಕೈಯಾರೆ ತುಂಬಬೇಕು. ಮೊದಲು ನಳಿಗೆಯ ಬಾಯಿಂದ ಅಳೆದು ಸುರಿದ ಕರಿಮದ್ದು. ಅದರ ಮೇಲೆ ತೆಂಗಿನ ನಾರಿನ ಉಂಡೆ. ಗಜದಿಂದ ಹದವಾಗಿ ಒತ್ತಿದ ಬಳಿಕ ಚರೆ. ಚರೆ ಉರುಳಿ ಹೊರಬಾರದಂತೆ ಮತ್ತೊಂದು ನಾರಿನ ಬಿರಡೆ. ಎಲ್ಲವೂ ಮುಗಿದು, ಗಜ ಹೊರಬಂದು, ನಳಿಗೆ ಜನರಿಲ್ಲದ ದಿಕ್ಕಿಗೆ ತಿರುಗಿದ ಮೇಲೆ ಮಾತ್ರ ಕೇಪು. ಕೇಪು ಕೂರಿಸಿದ ಕೋವಿಗೆ ಗಜ ಹಾಕಹೋದವನು ತನ್ನ ಕೈಯನ್ನೋ ಪ್ರಾಣವನ್ನೋ ಪಣಕ್ಕೆ ಇಟ್ಟಂತೆಯೇ ಸರಿ.

ಉಗುರಿನಷ್ಟೂ ಇಲ್ಲದ ಈ ತಾಮ್ರದ ಟೋಪಿಗೂ ಒಂದು ಸ್ವಾರಸ್ಯದ ಚರಿತ್ರೆಯುಂಟು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಒಬ್ಬ ಪಾದ್ರಿ. ಬೇಟೆಯ ಹುಚ್ಚೂ ಇತ್ತು. ಚಕಮಕಿ ಕಲ್ಲಿನ ಕೋವಿಯ ಕಿಡಿಯನ್ನು ಕಂಡೊಡನೆ ಹಕ್ಕಿಗಳು ಹಾರಿಹೋಗುತ್ತಿದ್ದವಂತೆ. ಆ ಬೇಸರದಿಂದಲೇ ಪೆಟ್ಟು ತಾಕಿದೊಡನೆ ಸಿಡಿಯುವ ಪುಡಿಯನ್ನು ಕೋವಿಗೆ ಅಳವಡಿಸಿ, ಅವರು 1807ರಲ್ಲಿ ಹಕ್ಕುಪತ್ರ ಪಡೆದರು. ತಾಮ್ರದ ಕೇಪು ಬಂದದ್ದು ಅದರ ಹಿಂದೆಯೇ, ಕೆಲವೇ ವರ್ಷಗಳಲ್ಲಿ. ಯುರೋಪಿನ ಸೈನ್ಯಗಳು ಅದನ್ನು ಎಂದೋ ಕೈಬಿಟ್ಟವು. ಮಲೆನಾಡಿನ ತೋಟಿಗ ಬಿಡಲಿಲ್ಲ.

ಮಳೆಗಾಲದಲ್ಲಿ ಈ ಕೋವಿಯನ್ನು ಸಾಕುವುದೆಂದರೆ ಹಸುಗೂಸನ್ನು ಸಾಕಿದಂತೆ. ಜೂನ್ ತಿಂಗಳಿಂದ ಸೆಪ್ಟೆಂಬರಿನ ತನಕ ಸುರಿವ ಮಳೆಯಲ್ಲಿ ಹಪ್ಪಳವೇ ಮೆತ್ತಗಾಗುವಾಗ ಮದ್ದಿನ ಪಾಡೇನು? ತೇವ ತಗುಲಿದ ಮದ್ದು ಕೈಕೊಡುತ್ತದೆ. ಹಾಗೆಂದು ಒಲೆಯ ಹತ್ತಿರ ಒಣಗಿಸುವಂತೆಯೂ ಇಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬೆಂಕಿಯಿಂದಲೂ ಮಕ್ಕಳಿಂದಲೂ ದೂರವಿಡಬೇಕು. ಕರಿಮದ್ದು ಸುಟ್ಟಾಗ ಉಳಿಯುವ ಮಸಿ ಗಾಳಿಯ ನೀರನ್ನು ಹೀರಿ ಕಬ್ಬಿಣವನ್ನು ತಿನ್ನುವುದರಿಂದ, ಈಡು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಎಣ್ಣೆ ಸವರಬೇಕು. ಬಚ್ಚಲ ಹಂಡೆಯ ನೀರಿಗೆ ಇದೂ ಒಂದು ಉಪಯೋಗ!

ಆದರೆ ತುಂಬುವವನು ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ತೇವಕ್ಕಲ್ಲ, ಮರೆವಿಗೆ. ತುಂಬಿದ್ದೇನೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಒಂದರ ಮೇಲೊಂದು ಈಡು ಹಾಕಿದರೆ ನಳಿಗೆ ಕೆನ್ನೆಯ ಪಕ್ಕದಲ್ಲೇ ಸೀಳಬಹುದು. ನಾರನ್ನು ಪೂರ್ತಿ ಒತ್ತದೆ ಮದ್ದಿಗೂ ಗುಂಡಿಗೂ ನಡುವೆ ತೆರಪು ಬಿಟ್ಟರೂ ಅದೇ ಅಪಾಯ. ಆದಕಾರಣ ಬಲ್ಲವರು ಕಣ್ಣನ್ನು ನಂಬುವುದಿಲ್ಲ, ಗಜವನ್ನು ನಂಬುತ್ತಾರೆ. ಬರಿದಾದ ನಳಿಗೆಯಲ್ಲಿ ಗಜ ಬುಡ ಮುಟ್ಟುತ್ತದೆ. ಈಡು ಇದ್ದರೆ ಒಂದಿಷ್ಟು ಬೆರಳು ಮೇಲೆಯೇ ನಿಲ್ಲುತ್ತದೆ. ಈ ಬೆರಳಳತೆಯನ್ನು ಮನೆಯ ಹಿರಿಯರು ಮೊಮ್ಮಗನಿಗೆ ಹೇಳಿಕೊಡುವುದು ಕೋವಿ ಹಿಡಿಯಲು ಕಲಿಸುವುದಕ್ಕೂ ಮೊದಲು.

ಅಮೆರಿಕ ಮೊದಲಾದ ದೇಶಗಳಲ್ಲಿ ರೈಫಲಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವುದು ಒಂದು ಹವ್ಯಾಸ. ಸುಟ್ಟ ಹಿತ್ತಾಳೆಯ ಕೋಶವನ್ನು ಆರಿಸಿ ತಂದು, ಸ್ವಚ್ಛಮಾಡಿ, ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸುತ್ತಾರೆ. ಅಲ್ಲಿಯ ತೂಕದ ಮಾನ ಗ್ರೇನ್. ಏಳು ಸಾವಿರ ಗ್ರೇನ್ ಕೂಡಿದರೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗೀತು. ಈ ಹವ್ಯಾಸಿಗಳು ಗ್ರೇನಿನ ಹತ್ತನೆಯ ಒಂದು ಪಾಲನ್ನೂ ತೂಗಿ ನೋಡಿ, ಪ್ರತಿ ಸರದಿಯ ವಿವರವನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಗುರಿ ಕೂದಲೆಳೆಯಷ್ಟೂ ತಪ್ಪಬಾರದೆಂಬ ಛಲ ಅವರದು. ಅವರೂ ಅಂಜುವುದು ಮರೆವಿಗೇ. ಮದ್ದು ಹಾಕಿದ ಕೋಶಗಳನ್ನು ಸಾಲಾಗಿ ನಿಲ್ಲಿಸಿ, ದೀಪ ಹಿಡಿದು, ಯಾವುದರಲ್ಲಾದರೂ ಎರಡು ಪಾಲು ಬಿದ್ದಿದೆಯೋ ಎಂದು ಇಣುಕಿ ನೋಡಿದ ಮೇಲೆಯೇ ಗುಂಡು ಕೂರಿಸುತ್ತಾರೆ. ಒಂದು ಮಾತು: ಆ ತೋಟಾಗಳ ಹೊಗೆಯಿಲ್ಲದ ಮದ್ದಿನ ಒತ್ತಡವೇ ಬೇರೆ. ಅದನ್ನು ಕರಿಮದ್ದಿನ ಹಳೆಯ ಕೋವಿಗೆ ಸುರಿದರೆ ಕೋವಿಯೂ ಉಳಿಯದು, ಹಿಡಿದವನೂ ಉಳಿಯುವುದು ಕಷ್ಟ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಕೋವಿ ಇಡುವಂತಿಲ್ಲ, ಮದ್ದುಗುಂಡು ತಯಾರಿಸುವಂತಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಮಾತೂ ಮುಗಿಯಿತು. ಹೀಗಾಗಿ ತೋಟದ ಈಡು ಅನೇಕ ಸಲ ಚರೆಯಿಲ್ಲದ ಈಡೇ. ಬರಿಯ ಮದ್ದು, ಬರಿಯ ಸದ್ದು. ಮಂಗಗಳು ಒಂದೆರಡು ದಿನ ಅಂಜುತ್ತವೆ. ಬಳಿಕ ಆಚೆ ತೋಟದಿಂದ ಈಚೆ ತೋಟಕ್ಕೆ ಮರಳುತ್ತವೆ. ಅವುಗಳ ತಾಳ್ಮೆಗೆ ಪರವಾನಗಿ ಬೇಡವಷ್ಟೆ!

ಚುನಾವಣೆ ಬಂತೆಂದರೆ ಕೋವಿಗೂ ಊರು ಬಿಡುವ ಯೋಗ. ಪರವಾನಗಿದಾರರು ಆಯುಧವನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ವಿಧಾನಸಭೆಯ ಚುನಾವಣೆ ನಡೆದ 2023ರಲ್ಲಿಯೂ ಲೋಕಸಭೆಯದು ನಡೆದ 2024ರಲ್ಲಿಯೂ ಮತದಾನ ಬಿದ್ದದ್ದು ಮೇ ತಿಂಗಳಿನಲ್ಲಿ. ಬೇಸಿಗೆಯ ಆ ವಾರಗಳಲ್ಲಿ ತೋಟ ಕಾಯಲು ಉಳಿಯುವುದು ಕವಣೆ, ಡಬ್ಬದ ಸದ್ದು, ನಾಯಿ. ತುಂಬಿದ ಕೋವಿಯನ್ನು ಠಾಣೆಗೆ ಒಯ್ಯುವಂತಿಲ್ಲವಾದ್ದರಿಂದ, ಹೊರಡುವ ಮುನ್ನ ಒಳಗಿನ ಈಡನ್ನು ಹಾರಿಸಿ ಬರಿದು ಮಾಡಬೇಕು, ಇಲ್ಲವೇ ತುದಿಯಲ್ಲಿ ತಿರುಪು ಇರುವ ಗಜದಿಂದ ನಾರನ್ನು ಕಿತ್ತು ಮದ್ದನ್ನು ಹೊರಗೆ ಸುರಿಯಬೇಕು. ಆತುರಗಾರನಿಗೆ ಒಗ್ಗದ ಕೆಲಸ ಅದು.

ಎಣಿಕೆ ಮುಗಿದ ಮೇಲೆ ಕೋವಿ ಮನೆಗೆ ಮರಳುತ್ತದೆ. ಬರಿದು ಮಾಡಿದವನು ತಾನೇ, ರಸೀತಿ ಪಡೆದವನೂ ತಾನೇ. ಆದರೂ ಅದನ್ನು ಜಗಲಿಯ ಗೋಡೆಗೆ ತೂಗುಹಾಕುವ ಮೊದಲು ಹಳಬನಾದ ಯಜಮಾನ ಅಂಗಳದಲ್ಲೇ ನಿಂತು ಗಜವನ್ನು ನಳಿಗೆಗೆ ಇಳಿಬಿಟ್ಟು, ಅದು ಬುಡ ಮುಟ್ಟಿದ ಸದ್ದನ್ನು ಕೇಳಿಸಿಕೊಳ್ಳುತ್ತಾನೆ.