ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್: ಫಲಕ ಏರಿಸುವ ಮುನ್ನ

ಪ್ರಾಥಮಿಕ ಆರೋಗ್ಯ ಕೇಂದ್ರದ ತಾರಸಿಯ ಮೇಲೆ ಸೌರ ಫಲಕ ಅಳವಡಿಸುವ ಪ್ರಸ್ತಾವ ಬಂದಾಗ ಮೊದಲು ಚರ್ಚೆಯಾಗುವುದು ವಿದ್ಯುತ್ ಬಿಲ್ಲಿನ ಉಳಿತಾಯ. ಉಳಿತಾಯವಾಗುವುದು ನಿಜ. ಆದರೆ ದಿನದ 24 ಗಂಟೆಯೂ ಹೆರಿಗೆ ಸೇವೆ ನೀಡುವ ಕೇಂದ್ರಕ್ಕೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ: ಮಳೆಗಾಳಿಯ ರಾತ್ರಿ ಕರೆಂಟು ಹೋದಾಗ ಹೆರಿಗೆ ಕೊಠಡಿಯಲ್ಲಿ ದೀಪ ಉರಿಯುವುದೇ?

ಎಲ್ಲ ಬಗೆಯ ಸೌರ ಘಟಕಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಬ್ಯಾಟರಿಯಿಲ್ಲದೆ ನೇರವಾಗಿ ಎಸ್ಕಾಂ ಜಾಲಕ್ಕೆ ಜೋಡಿಸಿದ ಘಟಕವು ಹಗಲಿನ ಹೆಚ್ಚುವರಿ ವಿದ್ಯುತ್ತನ್ನು ಜಾಲಕ್ಕೆ ನೀಡಿ, ನೆಟ್ ಮೀಟರಿನ ಮೂಲಕ ಬಿಲ್ಲನ್ನು ತಗ್ಗಿಸುತ್ತದೆ. ಜಾಲದಲ್ಲಿ ವಿದ್ಯುತ್ ನಿಂತೊಡನೆ ಅದರ ಇನ್ವರ್ಟರ್ ಸಹ ತಾನಾಗಿ ನಿಲ್ಲುತ್ತದೆ. ದುರಸ್ತಿಗಾಗಿ ಕಂಬ ಏರಿದ ಲೈನ್‌ಮನ್‌ಗೆ ಅಪಾಯವಾಗದಿರಲೆಂದೇ ಈ ಏರ್ಪಾಡು. ಹೀಗಾಗಿ ಸುಡುಬಿಸಿಲಿನ ಮಧ್ಯಾಹ್ನದಲ್ಲಿಯೂ ಅಂತಹ ಕೇಂದ್ರಕ್ಕೆ ವಿದ್ಯುತ್ ಇರುವುದಿಲ್ಲ. ಆದಕಾರಣ ಆರೋಗ್ಯ ಕೇಂದ್ರಗಳಿಗೆ, ವೆಚ್ಚ ಹೆಚ್ಚಾದರೂ, ಬ್ಯಾಟರಿ ಸಹಿತ ಘಟಕವೇ ತಕ್ಕುದು.

ಬ್ಯಾಟರಿ ದುಬಾರಿಯಾದ್ದರಿಂದ ಅದರ ಮೇಲೆ ಯಾವ ಉಪಕರಣಗಳನ್ನು ಹೊರಿಸಬೇಕೆಂಬುದನ್ನು ಮೊದಲೇ ನಿರ್ಧರಿಸಬೇಕು. 10 ವ್ಯಾಟಿನ 5 ಎಲ್‌ಇಡಿ ದೀಪ ಮತ್ತು 30 ವ್ಯಾಟಿನ 4 ಬಿಎಲ್‌ಡಿಸಿ ಫ್ಯಾನುಗಳನ್ನು ರಾತ್ರಿ 12 ಗಂಟೆಗಳ ಕಾಲ ನಡೆಸಿದರೆ ಸುಮಾರು 2 ಯೂನಿಟ್ ಖರ್ಚಾಗುತ್ತದೆ. 2,000 ವ್ಯಾಟಿನ ಒಂದು ಗೀಸರ್ ಅಷ್ಟನ್ನೂ ಒಂದೇ ಗಂಟೆಯಲ್ಲಿ ನುಂಗುತ್ತದೆ. ಆದ್ದರಿಂದ ಬಾಣಂತಿಯರ ಬಿಸಿನೀರಿಗೆ ತಾರಸಿಯ ಸೌರ ಜಲತಾಪಕವೂ, ಆಟೋಕ್ಲೇವ್‌ನಂತಹ ಯಂತ್ರಗಳಿಗೆ ಜಾಲದ ವಿದ್ಯುತ್ತೂ ಇರಲಿ. ನವಜಾತ ಶಿಶುವಿಗೆ ಶಾಖ ನೀಡುವ ವಾರ್ಮರ್ ಮಾತ್ರ, ಹೆಚ್ಚು ವಿದ್ಯುತ್ ಬೇಡಿದರೂ, ಬ್ಯಾಟರಿಯ ಮೇಲೆಯೇ ಇರತಕ್ಕದ್ದು. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುವ ಐಎಲ್‌ಆರ್ ಶೀತಕದ ಒಳಗೋಡೆಯಲ್ಲಿ ಮಂಜುಗಡ್ಡೆಯ ಪದರವಿರುವುದರಿಂದ, ಹಗಲಿನಲ್ಲಿ ಸಾಕಷ್ಟು ವಿದ್ಯುತ್ ದೊರೆತು ಮುಚ್ಚಳ ಪದೇ ಪದೇ ತೆರೆಯದಿದ್ದಲ್ಲಿ ಅದು ರಾತ್ರಿಯನ್ನು ಕಳೆಯಬಲ್ಲದು. ಈ ಲೆಕ್ಕ ಸಿದ್ಧವಾದ ಮೇಲೆ ಅಗತ್ಯ ಉಪಕರಣಗಳಿಗೆ ಪ್ರತ್ಯೇಕ ವೈರಿಂಗ್ ಮಾಡಿಸಬೇಕು. ಇಲ್ಲದಿದ್ದರೆ ಕಚೇರಿಯ ಪ್ರಿಂಟರೂ ಅದೇ ಬ್ಯಾಟರಿಯನ್ನು ಬರಿದು ಮಾಡುತ್ತದೆ.

ಸ್ಥಳದ ವಿಷಯ ಸರಳ. ಒಂದು ಕಿಲೋವ್ಯಾಟ್ ಫಲಕಗಳಿಗೆ ನೆರಳಿಲ್ಲದ ಸುಮಾರು 10 ಚದರ ಮೀಟರ್ ತಾರಸಿ ಸಾಕು. ದಿನಕ್ಕೆ ಸರಾಸರಿ 4 ಯೂನಿಟ್ ನಿರೀಕ್ಷಿಸಬಹುದು, ಮಳೆಗಾಲದಲ್ಲಿ ಕಡಿಮೆ.

ಛತ್ತೀಸಗಢದಲ್ಲಿ ಸರ್ಕಾರಿ ಸಂಸ್ಥೆಯಾದ ಕ್ರೆಡಾ 2012ರಿಂದ 2016ರ ನಡುವೆ ನೂರಾರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೌರ ಘಟಕ ಒದಗಿಸಿತು. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೌರ ವಿದ್ಯುತ್ ಇದ್ದ ಕೇಂದ್ರಗಳಲ್ಲಿ ತಿಂಗಳಿಗೆ ನಡೆದ ಹೆರಿಗೆಗಳು ಸೌರ ಘಟಕವಿಲ್ಲದ, ವಿದ್ಯುತ್ ಕೊರತೆಯ ಕೇಂದ್ರಗಳಿಗಿಂತ ಬಹುತೇಕ ಎರಡು ಪಟ್ಟು. ಇದಕ್ಕೆ ವಿದ್ಯುತ್ತೊಂದೇ ಕಾರಣವೆನ್ನಲಾಗದು. ಆದರೂ ದೀಪವಿರುವ ಆಸ್ಪತ್ರೆಗೆ ಜನ ಬರುತ್ತಾರೆಂಬುದು ಹಳ್ಳಿಯವರಿಗೆ ಹೊಸ ಸಂಗತಿಯಲ್ಲ. ಕರ್ನಾಟಕದಲ್ಲಿಯೂ ಆರೋಗ್ಯ ಇಲಾಖೆಯು ಸೆಲ್ಕೋ ಪ್ರತಿಷ್ಠಾನದ ಸಹಯೋಗದಲ್ಲಿ ‘ಸೌರ ಸ್ವಾಸ್ಥ್ಯ’ ಕಾರ್ಯಕ್ರಮದಡಿ ಆರೋಗ್ಯ ಕೇಂದ್ರಗಳಿಗೆ ಘಟಕಗಳನ್ನು ಅಳವಡಿಸುತ್ತಿದೆ.

ಘಟಕಗಳು ಹಾಳಾಗುವುದು ಬಹುಪಾಲು ನಿರ್ವಹಣೆಯ ಕೊರತೆಯಿಂದ. ಫಲಕದ ಧೂಳು ತೊಳೆಯುವವರು ಯಾರು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರು ಯಾರು ಎಂಬುದು ಹೆಸರು ಸಹಿತ ದಾಖಲಾಗಿರಬೇಕು. ಸೀಸ-ಆಮ್ಲ ಬ್ಯಾಟರಿಗಳನ್ನು ಕೆಲವು ವರ್ಷಗಳಲ್ಲಿ ಬದಲಿಸಲೇಬೇಕಾಗುವುದರಿಂದ ಆರೋಗ್ಯ ರಕ್ಷಾ ಸಮಿತಿಯು ಅದಕ್ಕೆ ಬೇಕಾದ ಹಣವನ್ನು ಮೊದಲ ವರ್ಷದಿಂದಲೇ ಕಾಯ್ದಿರಿಸುವುದು ಯುಕ್ತ. ಘಟಕವನ್ನು ಹಸ್ತಾಂತರಿಸಿಕೊಳ್ಳುವಾಗ ವೈದ್ಯಾಧಿಕಾರಿಗಳು ಮುಖ್ಯ ಸ್ವಿಚ್ಚನ್ನು ಆರಿಸಿ, ಹೆರಿಗೆ ಕೊಠಡಿಯ ದೀಪ, ವಾರ್ಮರ್ ಮತ್ತು ಸಕ್ಷನ್ ಯಂತ್ರವನ್ನು ಬ್ಯಾಟರಿಯ ಮೇಲೆ ನಡೆಸಿ ನೋಡಿದ ನಂತರವೇ ಸ್ವೀಕೃತಿಗೆ ಸಹಿ ಮಾಡತಕ್ಕದ್ದು.